ಬೆತ್ತದ ಕುರ್ಚಿಯ ಪರವಾಗಿ ಮೂರು ನಿಮಿಷ

ಬೆಂಗಳೂರಿನ ಕಾಲೇಜಿನಲ್ಲಿ ನಾಲ್ಕು ವರ್ಷ ನಾನು ಚರ್ಚಾಸ್ಪರ್ಧೆಗಳಿಗೆ ಹೋದವಳು. ವೇದಿಕೆ ಹತ್ತುವ ಹತ್ತು ನಿಮಿಷ ಮೊದಲು ಚೀಟಿ ಎತ್ತಬೇಕು. ಅದರಲ್ಲಿ ಪರ ಎಂದಿದ್ದರೆ ಪರ, ವಿರೋಧ ಎಂದಿದ್ದರೆ ವಿರೋಧ. ಯಾವುದು ಬಂದರೂ ಹುಟ್ಟಿದಾಗಿನಿಂದ ಅದನ್ನೇ ನಂಬಿಕೊಂಡು ಬಂದವಳ ಹಾಗೆ ಮಾತಾಡಬೇಕು. ಇದರಿಂದ ಕಪಾಟಿನ ತುಂಬ ಪಾರಿತೋಷಕಗಳು ಬಂದವು. ಯಾರು ಏನೇ ಹೇಳಿದರೂ ಮೊದಲು ಅದರಲ್ಲಿ ಬಿರುಕು ಹುಡುಕುವ ಚಟವೂ ಬಂತು. ಮನೆಯಲ್ಲಿ ಯಾರಾದರೂ "ಸಾರು ಚೆನ್ನಾಗಿದೆ" ಎಂದರೆ "ಯಾವುದಕ್ಕೆ ಹೋಲಿಸಿದರೆ?" ಎಂದು ಕೇಳುತ್ತಿದ್ದೆ. ಅಮ್ಮ ನನ್ನನ್ನು ಅಮೆರಿಕಕ್ಕೆ ಕಳಿಸುವಾಗ ಅತ್ತಳು ನಿಜ, ಆದರೆ ಆ ಅಳುವಿನಲ್ಲಿ ಸ್ವಲ್ಪ ನಿರಾಳವೂ ಇತ್ತೆಂದು ನನ್ನ ವಾದ.

ಅಲ್ಲಿ ಎಂ.ಎಸ್. ಮುಗಿಸಿ, ಕೆಲಸಕ್ಕೆ ಸೇರುವ ತಾರೀಖಿಗಾಗಿ ಕಾಯುತ್ತ, ಪ್ಲೆಸೆಂಟನ್‌ನಲ್ಲಿ ಅಕ್ಕನ ಮನೆಯಲ್ಲಿ ಉಳಿದುಕೊಂಡಿದ್ದೆ. ಅಕ್ಕ ಮಾತುಗಾರ್ತಿ, ಭಾವ ಸೌಮ್ಯ. ಭಾವನ ಕಂಪನಿ ರೆಡ್‌ವುಡ್ ಸಿಟಿಯಲ್ಲಿ. ವಾರಕ್ಕೆ ಎರಡು ದಿನ ಸೇತುವೆ ದಾಟಿ ಆಫೀಸಿಗೆ ಹೋಗುವುದು, ಉಳಿದ ದಿನ ಮುಂದಿನ ಕೋಣೆಯ ಕಿಟಕಿಯ ಪಕ್ಕ ಕೂತು ಮೀಟಿಂಗು. ಭೂಕಂಪಕ್ಕಾಗಲಿ ಕೆಲಸ ಹೋಗುವುದಕ್ಕಾಗಲಿ ಹೆದರದ ಆ ಮನುಷ್ಯ ಹೆದರುತ್ತಿದ್ದದ್ದು ಒಂದಕ್ಕೇ: ಬಡಾವಣೆಯ ಮನೆ ಮಾಲೀಕರ ಸಂಘದ ಪತ್ರಕ್ಕೆ. ಅಲ್ಲಿ ಬಾಗಿಲಿಗೆ ಯಾವ ಬಣ್ಣ, ಕಸದ ಡಬ್ಬಿ ಎಷ್ಟು ಹೊತ್ತಿಗೆ ಹೊರಗೆ, ಹುಲ್ಲು ಎಷ್ಟು ಎತ್ತರ, ಎಲ್ಲವನ್ನೂ ನಿರ್ಧರಿಸುವುದು ಸಂಘ. ಒಮ್ಮೆ ಯುಗಾದಿಯ ತೋರಣ ಒಣಗಿದ ಮೇಲೂ ಬಾಗಿಲಲ್ಲೇ ಉಳಿದದ್ದಕ್ಕೆ "ಅವಧಿ ಮೀರಿದ ಹಬ್ಬದ ಅಲಂಕಾರ" ಎಂಬ ಎಚ್ಚರಿಕೆ ಬಂದಿತ್ತು. ಭಾವ ಆ ಪತ್ರವನ್ನು ಪಾಸ್‌ಪೋರ್ಟುಗಳ ಜೊತೆ ಇಟ್ಟುಕೊಂಡಿದ್ದರು.

ನಮ್ಮ ರಸ್ತೆಯ ಕೊನೆಯ ಮನೆಯಲ್ಲಿ ಫಿಲಿಪೀನ್ಸಿನ ನರ್ಸೊಬ್ಬರು ತಮ್ಮ ತಂದೆಯ ಜೊತೆ ಇದ್ದರು. ತಂದೆಗೆ ಎಂಬತ್ತು ದಾಟಿತ್ತು. ಮನಿಲಾದಲ್ಲಿ ಮೊದಲು ಸಾರ್ವಜನಿಕ ಆಡಳಿತದ ಪ್ರೊಫೆಸರು, ಆಮೇಲೆ ಸರ್ಕಾರಿ ಕಚೇರಿಯೊಂದರ ಮುಖ್ಯಾಧಿಕಾರಿ. ಬಡಾವಣೆಯಲ್ಲಿ ಚಿಕ್ಕವರು ದೊಡ್ಡವರೆಲ್ಲ ಅವರನ್ನು ಲೋಲೋ ಎನ್ನುತ್ತಿದ್ದರು; ಅವರ ಭಾಷೆಯಲ್ಲಿ ಅಜ್ಜ ಎಂದರ್ಥ. ಅವರಿಗೆ ತಮ್ಮ ನೆನಪುಗಳನ್ನು ಬರೆಯುವ ಆಸೆ, ಆದರೆ ಕೈ ನಡುಗುತ್ತಿತ್ತು. ಮಗಳು ಅಕ್ಕನನ್ನು ಕೇಳಿದರು: ನಿಮ್ಮ ತಂಗಿ ಮನೆಯಲ್ಲೇ ಇದ್ದಾಳಲ್ಲ, ಅಪ್ಪ ಹೇಳಿದ್ದನ್ನು ಟೈಪ್ ಮಾಡಿಕೊಡುತ್ತಾಳಾ? ಅಕ್ಕ ನನ್ನನ್ನು ಒಂದು ಮಾತೂ ಕೇಳದೆ ಒಪ್ಪಿಕೊಂಡಳು. "ಹೋಗೆ, ಪುಣ್ಯ ಬರತ್ತೆ. ನಮಗೂ ಎರಡು ಗಂಟೆ ಮನೇಲಿ ಶಾಂತಿ ಇರತ್ತೆ."

ಮೊದಲ ದಿನ ಅಕ್ಕನೂ ಜೊತೆಗೆ ಬಂದಳು. ಹಿರಿಯರು, ವಿದ್ವಾಂಸರು ಎಂದು ಕಾಲು ಮುಟ್ಟಲು ಬಗ್ಗಿದಳು. ಅವರ ಕಡೆಯ ಪದ್ಧತಿಯಲ್ಲಿ ಹಿರಿಯರು ಕೈ ಚಾಚುತ್ತಾರೆ, ಕಿರಿಯರು ಆ ಕೈಯನ್ನು ಹಣೆಗೆ ಒತ್ತಿಕೊಳ್ಳಬೇಕು. ಇವಳು ಬಗ್ಗುವುದಕ್ಕೂ ಅವರು ಕೈ ಚಾಚುವುದಕ್ಕೂ ಸರಿಹೋಗಿ, ಅವರ ಬೆರಳಿನ ಕೀಲುಗಳು ಅಕ್ಕನ ಹಣೆಗೆ ಟಣ್ ಎಂದು ಬಡಿದವು. ಆಶೀರ್ವಾದ ಅಷ್ಟು ಗಟ್ಟಿಯಾಗಿ ಬಿದ್ದದ್ದನ್ನು ನಾನು ಎಲ್ಲೂ ನೋಡಿರಲಿಲ್ಲ. ಅಕ್ಕನ ಹಣೆಯಲ್ಲಿ ಸಂಜೆಯವರೆಗೂ ಗುರುತಿತ್ತು.

ಲೋಲೋ ಹೇಳುತ್ತಿದ್ದರು, ನಾನು ಟೈಪ್ ಮಾಡುತ್ತಿದ್ದೆ. ಮಾತೆಲ್ಲ ಇಂಗ್ಲಿಷಿನಲ್ಲಿ. ಎರಡನೆಯ ದಿನದಿಂದಲೇ ಜಗಳ ಶುರುವಾಯಿತು.

ಅವರ ಜೀವಮಾನದ ವಿಷಯ ಸರತಿ ಸಾಲು. ನಗಬೇಡಿ; ನಾನು ನಕ್ಕು ಅರ್ಧ ಗಂಟೆ ಉಪನ್ಯಾಸ ಕೇಳಬೇಕಾಯಿತು. ತರುಣನಾಗಿದ್ದಾಗ ಅವರು ಪ್ರಬಂಧಕ್ಕೆಂದು ಒಂದು ಸರ್ಕಾರಿ ಕಚೇರಿಯ ಮೊಗಸಾಲೆಯಲ್ಲಿ ತಿಂಗಳುಗಟ್ಟಲೆ ನೋಟ್‌ಬುಕ್ಕು ಹಿಡಿದು ನಿಂತಿದ್ದರು. ಯಾರು ಎಷ್ಟು ಹೊತ್ತು ನಿಂತರು, ಯಾರು ಹಿಂದಿನ ಬಾಗಿಲಿಂದ ಹೋದರು, ಗರ್ಭಿಣಿಯರು ಎಲ್ಲಿ ಒರಗಿಕೊಂಡರು ಎಂದು ಬರೆದುಕೊಳ್ಳುವುದು. ಜನ ಅವರನ್ನು ದಲ್ಲಾಳಿ ಎಂದುಕೊಂಡು "ನಮ್ಮದೂ ಒಂದು ಮಾಡಿಸಿಕೊಡಪ್ಪ" ಎಂದು ಕೈಗೆ ಕಾಗದ ತುರುಕುತ್ತಿದ್ದರಂತೆ. ನಿಜವಾದ ದಲ್ಲಾಳಿಗಳು, ತಮ್ಮ ಜಾಗಕ್ಕೆ ಹೊಸಬ ಬಂದನೆಂದು, ಒಮ್ಮೆ ಹೊಡೆಯಲು ಬಂದಿದ್ದರಂತೆ. ಇಷ್ಟೆಲ್ಲ ಆಗಿ ಅವರು ತಲುಪಿದ ತೀರ್ಮಾನ: ಸರ್ಕಾರ ಎಂದರೆ ಸಂವಿಧಾನವಲ್ಲ, ಚುನಾವಣೆಯಲ್ಲ, ಅದು ನಿನ್ನನ್ನು ಎಷ್ಟು ಹೊತ್ತು ನಿಲ್ಲಿಸುತ್ತದೆ ಎಂಬುದೇ ಸರ್ಕಾರ.

"ಇದು ತೀರ್ಮಾನ ಅಲ್ಲ, ಘೋಷಣೆ," ಎಂದೆ.

"ಘೋಷಣೆಯನ್ನು ಗೋಡೆ ಮೇಲೆ ಬರೀತಾರೆ. ನಾನು ಟಿಪ್ಪಣಿ ಸಮೇತ ಬರೆದೆ."

ಆಮೇಲೆ ಅಧಿಕಾರ ಬಂದಾಗ ಅವರು ಮಾಡಿದ ಮೊದಲ ಕೆಲಸ ತಮ್ಮ ಕಚೇರಿಯ ಮೊಗಸಾಲೆಗೆ ಬೆಂಚು ಹಾಕಿಸಿದ್ದು. ವಾರದೊಳಗೆ ಬೆಂಚುಗಳ ಮೇಲೆಲ್ಲ ದಲ್ಲಾಳಿಗಳು ಕೂತರು. ಬಂದವರಿಗೆ ಕೂರುವ ಜಾಗವನ್ನು ಮಾರಲು ಶುರುಮಾಡಿದರು. ಲೋಲೋ ಸರದಿ ನಂಬರಿನ ಚೀಟಿಯ ಪದ್ಧತಿ ತಂದರು. ದಲ್ಲಾಳಿಗಳು ಬೆಳಿಗ್ಗೆಯೇ ಬಂದು ಚೀಟಿಗಳನ್ನು ಬಾಚಿಕೊಂಡರು. ಕೊನೆಗೆ, ಅರ್ಜಿದಾರ ನಿಂತಿರುವಷ್ಟು ಹೊತ್ತು ಗುಮಾಸ್ತನೂ ನಿಂತೇ ಕೆಲಸ ಮಾಡಬೇಕು ಎಂದು ಆದೇಶ ಹೊರಡಿಸಿದರು. ಆ ಆದೇಶ ಬದುಕಿದ್ದು ನಾಲ್ಕು ದಿನ.

"ಅಂದರೆ ಬೆಂಚು ಸೋತಿತು, ಚೀಟಿ ಸೋತಿತು, ಆದೇಶ ಸೋತಿತು. ಒಟ್ಟು ಮೂರು ಸೋಲು," ಎಂದೆ. "ಅಧ್ಯಾಯಕ್ಕೆ 'ಸುಧಾರಣೆಗಳು' ಅಂತ ಯಾಕೆ ಹೆಸರು?"

ಅವರಿಗೆ ಸಿಟ್ಟು ಬರಲಿಲ್ಲ, ಅದೇ ನನಗೆ ಸಿಟ್ಟು. ಸಂತೋಷದಿಂದ ಕೈ ಉಜ್ಜಿಕೊಂಡು, "ಬರೆದುಕೋ, ಬರೆದುಕೋ, ಅದನ್ನೂ ಬರೆದುಕೋ," ಎಂದರು. ಎದುರಾಳಿ ಸೋಲನ್ನು ಇಷ್ಟು ಖುಷಿಯಿಂದ ಒಪ್ಪಿಕೊಂಡರೆ ಏನು ಮಾಡಬೇಕೆಂದು ನಮಗೆ ಯಾರೂ ತರಬೇತಿ ಕೊಟ್ಟಿರಲಿಲ್ಲ.

ಉಡುಗೊರೆಗಳ ಬಗ್ಗೆಯೂ ಅವರಿಗೊಂದು ಸಿದ್ಧಾಂತವಿತ್ತು. ಅವರ ದೇಶದಲ್ಲಿ ಕ್ರಿಸ್‌ಮಸ್ಸಿಗೆ ಅಧಿಕಾರಿಗಳ ಮನೆಗೆ ಹ್ಯಾಮು ಬರುತ್ತದೆ. ಉಪ್ಪು ಸಕ್ಕರೆ ಹಾಕಿ ಹದ ಮಾಡಿದ ಇಡೀ ಹಂದಿತೊಡೆ. ಲೋಲೋ ಎಲ್ಲವನ್ನೂ ವಾಪಸು ಕಳಿಸುತ್ತಿದ್ದರು. ಯಾವುದು ಆತಿಥ್ಯ, ಯಾವುದು ಲಂಚ ಎಂದು ಅಳೆಯಲು ಅವರ ಕೋಲು ಸರಳ: ಬಿಸಿಯಾಗಿ ಎದುರಿಗೆ ಬಂದು, ಅಲ್ಲೇ ತಿಂದು ಮುಗಿಯುವುದು ಆತಿಥ್ಯ. ಮುಚ್ಚಳವಿದ್ದು, ನಾಳೆಗೂ ಕೆಡದೆ ಇರುವುದು ಲಂಚ.

ಇನ್ನು ಕುರ್ಚಿಯ ವಿಷಯ.

ಲೋಲೋ ಮನೆಯಿಂದ ಪಾರ್ಕಿಗೆ ಅವರ ಹೆಜ್ಜೆಯಲ್ಲಿ ಆರುನೂರು ಹೆಜ್ಜೆ. ಮೊಣಕಾಲು ಮುನ್ನೂರಕ್ಕೇ ಕೈಕೊಡುತ್ತಿತ್ತು. ಮುನ್ನೂರನೆಯ ಹೆಜ್ಜೆ ಬೀಳುವುದು ಸರಿಯಾಗಿ ನಮ್ಮ ಮನೆಯ ಎದುರು, ಇಡೀ ರಸ್ತೆಯ ಅಂಚೆಪೆಟ್ಟಿಗೆಗಳು ಒಟ್ಟಿಗೆ ನಿಂತಿರುವ ಜಾಗದಲ್ಲಿ. ಅಲ್ಲಿ ಅವರು ಒಂದು ದಿನ ತಮ್ಮ ಬೆತ್ತದ ಕುರ್ಚಿ ತಂದು ಇಟ್ಟರು. ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ ಕೂರುವುದು. ಮಿಕ್ಕ ಹೊತ್ತು ಯಾರು ಬೇಕಾದರೂ ಕೂರಬಹುದು. ಹಿಂದಿನ ಸಾಲಿನ ಮನೆಗೆ ಮಗಳ ಬಾಣಂತನಕ್ಕೆಂದು ಬಂದಿದ್ದ ಹುಬ್ಬಳ್ಳಿಯ ಅಜ್ಜಿ ಕೂರುತ್ತಿದ್ದರು. ಪಾರ್ಸೆಲ್ಲು ತರುವವರು ಕೂತು ನೀರು ಕುಡಿಯುತ್ತಿದ್ದರು. ಅಜ್ಜಿಗೂ ಲೋಲೋಗೂ ಸಮಾನವಾದ ಭಾಷೆ ಯಾವುದೂ ಇರಲಿಲ್ಲ. ಒಬ್ಬರು ಬಂದರೆ ಇನ್ನೊಬ್ಬರು ಎದ್ದು ಜಾಗ ಕೊಡುವುದು, "ಬ್ಯಾಡ, ಕುಂದರ್ರಿ," "ನೋ ನೋ, ಪ್ಲೀಸ್," ಎಂದು ಇಬ್ಬರೂ ಖಾಲಿ ಕುರ್ಚಿಯ ಎರಡು ಪಕ್ಕ ನಿಂತಿರುವುದು. ಇದೇ ಅವರ ಸಂಭಾಷಣೆ.

ಮೂರನೆಯ ವಾರ ಸಂಘದ ನೋಟೀಸು ಬಂತು. ಸಾಮಾನ್ಯ ಜಾಗದಲ್ಲಿ ಖಾಸಗಿ ವಸ್ತು ಇಡುವಂತಿಲ್ಲ. ತೆಗೆಯಿರಿ, ಇಲ್ಲವೇ ಮಂಡಳಿಯ ಮುಂದೆ ಬಂದು ವಿನಾಯಿತಿ ಕೇಳಿ. ನೋಟೀಸು ಅಂಟಿಸಿದ್ದು ಕುರ್ಚಿಗೆ. ಆದರೂ ಕಿಟಕಿಯಿಂದ ಅದನ್ನು ಕಂಡ ಭಾವ ಆ ಮಧ್ಯಾಹ್ನ ಊಟ ಮಾಡಲಿಲ್ಲ.

ನೋಟೀಸಿಗಿಂತ ಗಟ್ಟಿಯಾಗಿದ್ದದ್ದು ಮಗಳ ಮಾತು. ಆಕೆಗೆ ಆಸ್ಪತ್ರೆಯಲ್ಲಿ ಹನ್ನೆರಡು ಗಂಟೆಯ ಪಾಳಿ. "ದಾರಿಯಲ್ಲಿ ಕೂರಲು ಜಾಗವಿಲ್ಲದಿದ್ದರೆ ಅಪ್ಪ ಒಬ್ಬರೇ ಹೊರಗೆ ಹೋಗಕೂಡದು. ಬಿದ್ದು ಬಂದವರನ್ನು ನಾನು ದಿನಾ ನೋಡುತ್ತೇನೆ," ಎಂದರು. ಅಂದರೆ ಕುರ್ಚಿ ಹೋದರೆ ಪಾರ್ಕು ಹೋಯಿತು, ಉಳಿದದ್ದು ಟಿ.ವಿ. ಮತ್ತು ನಾಲ್ಕು ಗೋಡೆ. ಲೋಲೋ ನನ್ನ ಹತ್ತಿರ ಹೇಳಿದ್ದು ಇಷ್ಟೇ: "ಈ ವಯಸ್ಸಿನಲ್ಲಿ ನನ್ನ ದೇಶ ಅಂದರೆ ಆ ಆರುನೂರು ಹೆಜ್ಜೆ."

ಅಕ್ಕ ತಕ್ಷಣ ಪರಿಹಾರ ಕೊಟ್ಟಳು. "ನಮ್ ಜಗುಲಿ ಎದುರಿಗೇ ಇದೆಯಲ್ಲ? ಎರಡು ಕುರ್ಚಿ ಸುಮ್ನೆ ಬಿದ್ದಿವೆ. ಅಲ್ಲೇ ಬಂದು ಕೂತ್ಕೊಳ್ಳಲಿ."

ಮುಂಬಾಗಿಲ ಮುಂದಿನ ಆ ಪುಟ್ಟ ಪೋರ್ಚನ್ನು ಅಕ್ಕ ಜಗುಲಿ ಎಂದೇ ಕರೆಯುವುದು. ಮನೆಗೆ ಎರಡು ಕುರ್ಚಿ ಎಂದು ಸಂಘದ ಅನುಮತಿ. ಆದ್ದರಿಂದ ಭಾವ ಎರಡು ಬಿಳಿ ಕುರ್ಚಿ ತಂದು ಇಟ್ಟಿದ್ದರು. ಅದುವರೆಗೆ ಯಾರೂ ಅವುಗಳ ಮೇಲೆ ಕೂತಿರಲಿಲ್ಲ.

ಲೋಲೋ ಒಪ್ಪಲಿಲ್ಲ. "ನಿಮ್ಮ ಮನೆಯ ಕುರ್ಚಿ ದಯೆ. ರಸ್ತೆಯ ಕುರ್ಚಿ ಹಕ್ಕು. ದಯೆಯ ಮೇಲೆ ಕೂತವನು ಎದ್ದಾಗ ಥ್ಯಾಂಕ್ಸ್ ಹೇಳಬೇಕು. ದಿನಕ್ಕೆ ಎರಡು ಸಲ ಥ್ಯಾಂಕ್ಸ್ ಹೇಳುವಷ್ಟು ಆಯಸ್ಸು ನನಗಿಲ್ಲ."

ಸರಿ, ವಿಚಾರಣೆಗೇ ಹೋಗುವುದೆಂದಾಯಿತು. ಮಾತಾಡುವ ಹಕ್ಕು ಮಾಲೀಕರಿಗೆ, ಅಥವಾ ಅವರು ಹೆಸರಿಸಿದ ಒಬ್ಬರಿಗೆ. ಮಗಳು ನನ್ನ ಹೆಸರು ಬರೆದುಕೊಟ್ಟರು. ಅವಧಿ ಮೂರು ನಿಮಿಷ. ಮೂರು ನಿಮಿಷ! ಅದು ನನ್ನ ತವರುಮನೆ. ಸಂಘದ ಬೈಲಾವನ್ನು ಎರಡು ಸಲ ಓದಿ ಟಿಪ್ಪಣಿ ಮಾಡಿದೆ. ಮಂಡಳಿಯ ಐವರು ಯಾರು, ಯಾರ ಮನಸ್ಸು ಹೇಗೆ ಎಂದು ಲೆಕ್ಕ ಹಾಕಿದೆ. ಅಧ್ಯಕ್ಷೆ ನಿವೃತ್ತ ಶಾಲಾ ಶಿಕ್ಷಕಿ, ಬೆಳ್ಳಿ ಕೂದಲಿನ ಅಮೆರಿಕನ್ ಹೆಂಗಸು, ಆ ಬೆತ್ತದ ಕುರ್ಚಿಯ ಮೇಲೆ ಪ್ರೀತಿಯಿದ್ದವರು. ಇಬ್ಬರು ಖಂಡಿತ ವಿರೋಧ. ಒಬ್ಬರು ನಮ್ಮ ಕಡೆ ವಾಲಿದವರು. ಐದನೆಯವರು ಸೊಂಟದ ನೋವಿನ ಒಬ್ಬ ಮುದುಕ, ಅವರನ್ನು ಒಲಿಸಿದರೆ ಮೂರು–ಎರಡು. ಅಡುಗೆಮನೆಯಲ್ಲಿ ಗ್ಯಾಸಿನ ಒಲೆಯನ್ನು ಮಂಡಳಿ ಎಂದುಕೊಂಡು ಅಭ್ಯಾಸ ಮಾಡಿದೆ.

ಭಾವ ಬಾಗಿಲಲ್ಲಿ ನಿಂತು ಕೇಳಿಸಿಕೊಂಡರು. "ನೋಡಮ್ಮ, ಮಾತಾಡು, ಬೇಡ ಅನ್ನಲ್ಲ. ಆದ್ರೆ ನಮ್ಮ ಮನೆ ನಂಬರ್ ಮಾತ್ರ ಎಲ್ಲೂ ಹೇಳ್ಬೇಡ."

"ಭಾವ, ಅವರಿಗೆ ಗೊತ್ತಿರತ್ತೆ."

"ಗೊತ್ತಿರೋದು ಬೇರೆ, ನೆನಪು ಮಾಡೋದು ಬೇರೆ."

ಶನಿವಾರ ಬೆಳಿಗ್ಗೆ ಹತ್ತಕ್ಕೆ ಈಜುಕೊಳದ ಪಕ್ಕದ ಕ್ಲಬ್‌ಹೌಸಿನಲ್ಲಿ ಸಭೆ. ಮಗಳಿಗೆ ಪಾಳಿ ಇತ್ತು. ಲೋಲೋ, ಅಕ್ಕ, ಭಾವ, ನಾನು ಕಾರಿನಲ್ಲಿ ಹೋದೆವು. ಲೋಲೋ ಅವರ ಕಡೆಯ ಕಸೂತಿಯ ಬಿಳಿ ಅಂಗಿ ತೊಟ್ಟಿದ್ದರು. ದಾರಿಯಲ್ಲಿ ಅಕ್ಕ ಅವರಿಗೆ ಧೈರ್ಯ ಹೇಳಿದಳು: "ಏನೂ ಯೋಚನೆ ಮಾಡಬೇಡಿ ಲೋಲೋ. ಅಧ್ಯಕ್ಷರಿಗೆ ನಾನು ಮೊನ್ನೆಯೇ ಒಂದು ಡಬ್ಬಿ ಮೈಸೂರ್ ಪಾಕ್ ಕೊಟ್ಟುಬಂದಿದೀನಿ. ನಾನು ಮಾಡಿದ್ದು ಹದಿನೈದು ದಿನ ಇಟ್ಟರೂ ಏನೂ ಆಗಲ್ಲ."

ನಾನು ಮುಂದಿನ ಸೀಟಿನಲ್ಲಿ ನನ್ನ ಕೊನೆಯ ವಾಕ್ಯವನ್ನು ತಿದ್ದಿಕೊಳ್ಳುತ್ತಿದ್ದೆ. ಕೇಳಿಸಿತು, ತಲೆಗೆ ಹೋಗಲಿಲ್ಲ. ಲೋಲೋ ಮಾತು ನಿಲ್ಲಿಸಿದ್ದನ್ನು ಗಮನಿಸಿ, ಪಾಪ, ಹೆದರಿಕೆ ಎಂದುಕೊಂಡೆ.

ನಮಗಿಂತ ಮೊದಲು ಒಬ್ಬರ ಗ್ಯಾರೇಜಿನ ಬಾಗಿಲಿನ ವಿಚಾರಣೆ ನಡೆಯಿತು. ಬೂದುಬಣ್ಣ ಅನುಮತಿಸಿದ ಬೂದಿಗಿಂತ ಒಂದು ಛಾಯೆ ಹೆಚ್ಚು ಬೂದಿಯಾಗಿತ್ತಂತೆ. ಇಪ್ಪತ್ತು ನಿಮಿಷ. ಆಮೇಲೆ ನನ್ನ ಸರದಿ.

ಎದ್ದು ನಿಂತು ಹೇಳಿದೆ: "ನಾನು ಮಾತಾಡುವ ಮೂರು ನಿಮಿಷ ತಾವೆಲ್ಲ ದಯವಿಟ್ಟು ಎದ್ದು ನಿಲ್ಲುತ್ತೀರಾ? ಒರಗಿಕೊಳ್ಳದೆ."

ಅಮೆರಿಕನ್ನರು ಇಂಥದ್ದಕ್ಕೆಲ್ಲ ಒಳ್ಳೆಯವರು, ಐವರೂ ನಗುತ್ತ ಎದ್ದರು. ನಾನು ಬೈಲಾ ಬಿಡಿಸಿದೆ. ಖಾಸಗಿ ವಸ್ತು ಎಂದರೆ ಒಬ್ಬನ ಉಪಯೋಗದ್ದು. ಈ ಕುರ್ಚಿಯಲ್ಲಿ ಕೂತವರಲ್ಲಿ ಅರ್ಧಕ್ಕರ್ಧ ಜನರಿಗೆ ಅದರ ಮಾಲೀಕ ಯಾರೆಂದೇ ಗೊತ್ತಿಲ್ಲ. ಹಾಗಾದರೆ ಅದು ಎಷ್ಟರಮಟ್ಟಿಗೆ ಖಾಸಗಿ? ಎರಡನೆಯ ನಿಮಿಷಕ್ಕೆ ಸೊಂಟನೋವಿನ ಮುದುಕರು ಒಂದು ಕಾಲಿನಿಂದ ಇನ್ನೊಂದಕ್ಕೆ ಭಾರ ಬದಲಿಸಿದರು. ಎರಡೂ ಮುಕ್ಕಾಲಿಗೆ "ಕ್ಷಮಿಸಿ" ಎಂದು ಕೂತೇಬಿಟ್ಟರು. ನಾನು ಅವರತ್ತ ಕೈ ತೋರಿಸಿ, "ಇದೇ ನನ್ನ ಕೊನೆಯ ಸಾಕ್ಷಿ," ಎಂದು ನಿಲ್ಲಿಸಿದೆ. ಇನ್ನೂ ಹನ್ನೊಂದು ಸೆಕೆಂಡು ಉಳಿದಿತ್ತು. ಮುದುಕರು ಮೊದಲು ಚಪ್ಪಾಳೆ ತಟ್ಟಿದರು. ಅಕ್ಕ ಸೀಟಿ ಹೊಡೆಯದಂತೆ ಭಾವ ಅವಳ ಮೊಣಕೈ ಹಿಡಿದುಕೊಂಡರು. ನನ್ನ ಲೆಕ್ಕದಲ್ಲಿ ಮೂರು–ಎರಡು, ನನ್ನ ಜೀವನದಲ್ಲಿ ಅಷ್ಟು ಖಚಿತವಾಗಿ ಗೆದ್ದದ್ದೇ ಇಲ್ಲ.

ಅಧ್ಯಕ್ಷೆ ಸೌಜನ್ಯಕ್ಕೆ ಲೋಲೋ ಕಡೆ ತಿರುಗಿ, "ಮತ ಹಾಕುವ ಮೊದಲು ತಾವೇನಾದರೂ ಹೇಳಬೇಕೇ?" ಎಂದರು.

ಬೇಡ ಎನ್ನಿ, ಬೇಡ ಎನ್ನಿ ಎಂದು ನಾನು ಮನಸ್ಸಿನಲ್ಲಿ. ಲೋಲೋ ಎದ್ದರು, ಅಂಗಿ ಸರಿಮಾಡಿಕೊಂಡರು.

"ಹೇಳಬೇಕು. ನನ್ನ ಪರವಾಗಿ ಅಧ್ಯಕ್ಷರಿಗೆ ಲಂಚ ಕೊಡಲಾಗಿದೆ."

ಭಾವ ಕಣ್ಣು ಮುಚ್ಚಿಕೊಂಡರು.

"ಲಂಚ?" ಎಂದರು ಅಧ್ಯಕ್ಷೆ.

"ಒಂದು ಡಬ್ಬಿ ಸಿಹಿ. ಮುಚ್ಚಳವಿತ್ತು. ಹದಿನೈದು ದಿನ ಕೆಡುವುದಿಲ್ಲವೆಂದು ತಿಳಿಸಿದ್ದಾರೆ."

ಅಧ್ಯಕ್ಷೆಯ ಮುಖ ಕೆಂಪಾಯಿತು. "ನಾನು ತಿಂದದ್ದು ಮೂರೇ ತುಂಡು," ಎಂದರು, ಶಾಲೆಯ ಹುಡುಗಿಯ ಹಾಗೆ. "ಉಳಿದದ್ದು ಫ್ರಿಜ್ಜಿನಲ್ಲಿದೆ. ಬೇಕಿದ್ದರೆ ತರುತ್ತೇನೆ. ಮತ್ತೆ ಆಕೆ, ಡಬ್ಬಿ ಖಾಲಿ ವಾಪಸು ಕೊಡಬಾರದು, ನಮ್ಮಲ್ಲಿ ಹಾಗೆ ಪದ್ಧತಿ ಎಂದಳು. ಅದಕ್ಕೇ ಬಾಳೆಹಣ್ಣಿನ ಕೇಕು ಮಾಡಿ ಹಾಕಿಕೊಟ್ಟೆ."

ವಿರೋಧದ ಇಬ್ಬರಲ್ಲಿ ಒಬ್ಬರು ಪೆನ್ನು ತೆಗೆದರು. "ಅಂದರೆ ವಿನಿಮಯ ಎರಡೂ ಕಡೆಯಿಂದ ಆಗಿದೆ."

"ಕೇಕಿಗೂ ಮುಚ್ಚಳವಿತ್ತೇ?" ಎಂದರು ಲೋಲೋ, ನಿಜವಾದ ಕಾಳಜಿಯಿಂದ.

ಅಕ್ಕ ನನ್ನ ಕಿವಿಯಲ್ಲಿ, "ಲೇ, ಈಯಪ್ಪ ಏನ್ ಮಾಡ್ತಿದಾರೆ? ಯಾರ್ ಪಾರ್ಟಿ ಇವರು?" ಎಂದಳು. ಒಳ್ಳೆಯ ಪ್ರಶ್ನೆ. ಚೀಟಿ ಎತ್ತದೆ, ಗಂಟೆ ಹೊಡೆಯದೆ, ತನ್ನ ವಿರುದ್ಧ ತಾನೇ ವಾದಿಸುವವರನ್ನು ನಾನು ಅದೇ ಮೊದಲು ನೋಡುತ್ತಿದ್ದದ್ದು.

ಅಧ್ಯಕ್ಷೆ ನಿಯಮದಂತೆ ಮತದಾನದಿಂದ ಹಿಂದೆ ಸರಿದರು. ಎರಡು–ಎರಡು. ವಿನಾಯಿತಿಗೆ ಬಹುಮತ ಬೇಕು, ಸಮಸಮವಾದರೆ ನೋಟೀಸೇ ಊರ್ಜಿತ. ಸಾಮಾನ್ಯ ಜಾಗಕ್ಕೆ ಒಂದು ಶಾಶ್ವತ ಬೆಂಚು ಬೇಕೇ ಎಂಬ ಪ್ರಶ್ನೆಯನ್ನು ಉಪಸಮಿತಿಗೆ ಒಪ್ಪಿಸಲಾಯಿತು. ಉಪಸಮಿತಿ ಮೊದಲು ಬೆಂಚಿನ ಬಣ್ಣ ನಿರ್ಧರಿಸಬೇಕು. ನಾನು ಬೆಂಗಳೂರಿಗೆ ಒಮ್ಮೆ ಹೋಗಿಬಂದ ಮೇಲೂ ನಿರ್ಧರಿಸುತ್ತಲೇ ಇದ್ದರು.

ಅದೇ ದಿನ ಬೆತ್ತದ ಕುರ್ಚಿ ಲೋಲೋ ಮನೆಯ ಗ್ಯಾರೇಜು ಸೇರಿತು. ಮಗಳು ತಮ್ಮ ಮಾತಿಗೆ ಗಟ್ಟಿಯಾಗಿ ನಿಂತರು. ಲೋಲೋ ಹೊರಗೆ ಬರುವುದು ನಿಂತಿತು.

ನಾನು ಎರಡು ದಿನ ಅವರ ಮನೆಗೆ ಹೋಗಲಿಲ್ಲ. ಮೂರನೆಯ ದಿನ ಜಗಳವಾಡಲೆಂದೇ ಹೋದೆ. ಕಿಟಕಿಯ ಪರದೆ ಎಳೆದಿತ್ತು. ಟಿ.ವಿ.ಯಲ್ಲಿ ಯಾರೋ ಯಾರಿಗೋ ಅಡುಗೆ ಹೇಳಿಕೊಡುತ್ತಿದ್ದರು. ಲೋಲೋ ನೋಡುತ್ತಿರಲಿಲ್ಲ.

"ಒಂದು ಡಬ್ಬಿ ಮೈಸೂರ್ ಪಾಕಿಗೆ ನಿಮ್ಮ ಆರುನೂರು ಹೆಜ್ಜೆ ಕಳೆದುಕೊಂಡಿರಿ," ಎಂದೆ. "ಯಾರೂ ಕೇಳಿರಲಿಲ್ಲ. ಕೇಳದ ಪ್ರಶ್ನೆಗೆ ಉತ್ತರ ಕೊಡುವುದು ಪ್ರಾಮಾಣಿಕತೆಯಲ್ಲ, ಜಂಬ."

"ಕೂತುಕೋ. ಟೈಪ್ ಮಾಡು," ಎಂದರು.

ಅವರು ಹೇಳಿದ್ದು ಅದುವರೆಗೆ ಯಾವ ಅಧ್ಯಾಯದಲ್ಲೂ ಇಲ್ಲದ ಸಂಗತಿ. ಒಂದು ಡಿಸೆಂಬರಿನಲ್ಲಿ ಅವರ ಕಚೇರಿಯ ಗುಮಾಸ್ತನೊಬ್ಬ ಅರ್ಜಿದಾರರಿಂದ ಒಂದು ತಟ್ಟೆ ಮೊಟ್ಟೆ ತೆಗೆದುಕೊಂಡ. ದೂರು ಬಂತು. ಲೋಲೋ ಅವನನ್ನು ಅಮಾನತು ಮಾಡಿ ಸಹಿ ಹಾಕಿದರು. ಅದೇ ವಾರ ಅವರು ಊರಲ್ಲಿಲ್ಲದಾಗ ಮನೆಗೊಂದು ಹ್ಯಾಮು ಬಂದಿತ್ತು. ಹೆಂಡತಿ, ಯಾರೋ ನೆಂಟರು ಕಳಿಸಿದ್ದು ಎಂದು ತಿಳಿದು ಕತ್ತರಿಸಿಬಿಟ್ಟಿದ್ದರು. ಅದು ಲಂಚವೆಂದು ಲೋಲೋಗೆ ಗೊತ್ತಾದದ್ದು ಎರಡನೆಯ ತುಂಡು ತಿನ್ನುವಾಗ.

"ಏನು ಮಾಡಿದಿರಿ?"

"ಮೂರನೆಯದನ್ನೂ ತಿಂದೆ," ಎಂದರು. "ಕತ್ತರಿಸಿದ ಹ್ಯಾಮನ್ನು ವಾಪಸು ಕಳಿಸುವುದು ಹೇಗೆ? ಯಾರೂ ಕೇಳಲಿಲ್ಲ. ನಾನು ಹೇಳಲಿಲ್ಲ. ಆ ಗುಮಾಸ್ತ ವಾಪಸು ಕೆಲಸಕ್ಕೆ ಬಂದಾಗ ನನಗೆ ನಮಸ್ಕಾರ ಮಾಡಿದ. ಅದನ್ನೂ ತೆಗೆದುಕೊಂಡೆ."

ನಾನು ಹುಟ್ಟಾ ಸಸ್ಯಾಹಾರಿ. ಹಂದಿಮಾಂಸದ ಬಗ್ಗೆ ನನಗೆ ಅಷ್ಟು ಸಂಕಟವಾಗುತ್ತದೆಂದು ಯಾರಾದರೂ ಹೇಳಿದ್ದರೆ ಆಧಾರ ಕೇಳುತ್ತಿದ್ದೆ. ಸಿದ್ಧವಿದ್ದ ಎದುರುವಾದವನ್ನು ಬದಿಗಿಟ್ಟೆ. ಟೈಪ್ ಮಾಡಿ ಪುಟ ಓದಿ ತೋರಿಸಿದೆ. "ಮೂರನೆಯ ತುಂಡು ಅಂತ ಸ್ಪಷ್ಟವಾಗಿ ಬರಲಿ," ಎಂದರು. ಆಮೇಲೆ ಕೂತಲ್ಲೇ ಮೊಣಕಾಲನ್ನು ಹಿಂದೆ ಮುಂದೆ ಆಡಿಸಿಕೊಂಡರು. ಅದು ಆಗಲೇ ಬಿಗಿಯತೊಡಗಿತ್ತು.

ಹತ್ತು ದಿನ ಕಳೆಯಿತು. ಅಕ್ಕ ಎರಡು ಸಲ ಹೋಗಿ ಜಗುಲಿಗೆ ಕರೆದಳು, ಎರಡು ಸಲವೂ ದಯೆ–ಹಕ್ಕಿನ ಪಾಠ ಹೇಳಿಸಿಕೊಂಡು ಬಂದಳು. "ದಯೆಯಂತೆ ದಯೆ! ನಾನೇನ್ ಅನ್ನಛತ್ರ ನಡೆಸ್ತಿದೀನಾ?" ಎಂದು ಸಿಟ್ಟಾದಳು. ಹನ್ನೊಂದನೆಯ ದಿನ, ಅಚ್ಚು ಹಾಕಿದ ಪುಟಗಳನ್ನು ತಿದ್ದಲು ಲೋಲೋ ನಮ್ಮ ಮನೆಗೆ ಬರುವುದೆಂದಾಯಿತು. ಆ ಮುನ್ನೂರು ಹೆಜ್ಜೆಗೆ ಮಗಳು ಕಾರು ತೆಗೆದು, ಸೀಟ್‌ಬೆಲ್ಟು ಹಾಕಿಸಿ, ಕರೆತಂದು ಇಳಿಸಿ ಹೋದರು.

ನಾನು ಕೈಹಿಡಿದು ಜಗುಲಿಯ ಮೆಟ್ಟಿಲು ಹತ್ತಿಸಿದೆ. ಅಲ್ಲಿ, ಭಾವನ ಎರಡು ಬಿಳಿ ಕುರ್ಚಿಗಳಲ್ಲಿ ಒಂದನ್ನು ನೆರಳಿಗೆ ಎಳೆದುಕೊಂಡು, ಹುಬ್ಬಳ್ಳಿಯ ಅಜ್ಜಿ ಕೂತಿದ್ದರು. ಚಪ್ಪಲಿ ಬಿಟ್ಟು, ಕಾಲು ಚಾಚಿ, ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತಿದ್ದರು. ನಮ್ಮ ಮನೆಯಲ್ಲಿ ಯಾರೂ ಅವರನ್ನು ಕರೆದಿರಲಿಲ್ಲ.

ಲೋಲೋ ನಿಂತುಬಿಟ್ಟರು. "ಆಕೆಯನ್ನು ಕೇಳು. ಇಲ್ಲಿ ಕೂರಲು ಯಾರ ಅನುಮತಿ ಪಡೆದರು?"

ನಾನು ಕನ್ನಡದಲ್ಲಿ ಕೇಳಿದೆ.

"ಎಂಥಾ ಅನುಮತಿ ಯವ್ವಾ? ಕಾಲು ನೋಯ್ಲಿಕತ್ತಿದ್ವು, ಕುಂತೆ," ಎಂದರು ಅಜ್ಜಿ. "ಆ ಕುರ್ಚಿ ತಗದ ಮ್ಯಾಲೆ ದಿನಾ ಇಲ್ಲೇ ಕುಂದರ್ತೀನಿ. ನಿಮ್ಮ ಭಾವ ಕಿಡಿಕ್ಯಾಗಿಂದ ನೋಡ್ತಾನ, ಒಂದ್ ಮಾತೂ ಆಡಂಗಿಲ್ಲ. ಭಾಳ ಒಳ್ಳೇಂವ."

ಅನುವಾದಿಸಿದೆ. ಲೋಲೋ ಹುಬ್ಬು ಗಂಟಿಕ್ಕಿದರು. "ಮನೆಯವರು ಎಬ್ಬಿಸಿದರೆ?"

"ಎಬ್ಬಿಸಿದ್ರ ಎದ್ದು ಮುಂದಿನ ಮನ್ಯಾಗ ಕುಂದರ್ತೀನಿ. ರಸ್ತಾ ತುಂಬ ಮನಿ ಅದಾವ."

"ಎದ್ದಾಗ ಥ್ಯಾಂಕ್ಸ್ ಹೇಳುತ್ತಾರಾ?"

"ಯಾರಿಗೆ? ಕುರ್ಚಿಗೇನು?"

ಲೋಲೋ ಬೆರಳು ಮಡಿಸಿ ಎಣಿಸಿದರು. ಕೇಳಿ ಕೂತರೆ ದಯೆ. ನಿಯಮ ಕೊಟ್ಟರೆ ಹಕ್ಕು. ಇದು ಎರಡೂ ಅಲ್ಲವಲ್ಲ, ಇದಕ್ಕೇನು ಹೆಸರು ಎಂದು ನನ್ನನ್ನೇ ಕೇಳಿದರು. ನಾನು ಬಾಯಿ ತೆರೆದೆ.

"ಏನಂತಾನ ಮುದುಕ?" ಎಂದರು ಅಜ್ಜಿ.

"ನೀವು ಯಾವ ತತ್ವದ ಆಧಾರದ ಮೇಲೆ ಕೂತಿದೀರಿ ಅಂತ ಕೇಳ್ತಿದಾರೆ ಅಜ್ಜಿ."

"ತತ್ವ ಎಲ್ಲಾ ಆಮ್ಯಾಲೆ. ನಿಂತು ಮಾತಾಡಿದ್ರ ಮ್ಯಾಲೆ ನೋಡಿ ನೋಡಿ ನನ್ನ ಕುತ್ತಿಗಿ ನೋಯ್ತದ. ವಾದ ಮಾಡೂದಿದ್ರ ಕುಂತು ಮಾಡು ಅನ್ನು ಅವಂಗ."

ಅಷ್ಟು ಹೇಳಿ, ಅನುವಾದಕ್ಕೆ ಕಾಯದೆ, ಅಜ್ಜಿ ಕಾಲಿನಿಂದಲೇ ಎರಡನೆಯ ಕುರ್ಚಿಯನ್ನು ಅವರತ್ತ ತಳ್ಳಿದರು. ಲೋಲೋ ಕುರ್ಚಿ ನೋಡಿದರು, ಅಜ್ಜಿಯನ್ನು ನೋಡಿದರು, ಕೊನೆಗೆ ತಮ್ಮ ಮೊಣಕಾಲನ್ನು ನೋಡಿದರು. ಕೂತರು. ಥ್ಯಾಂಕ್ಸ್ ಹೇಳಲಿಲ್ಲ. ಕಾಲು ಚಾಚಿ ಒಂದು ದೊಡ್ಡ ಉಸಿರು ಬಿಟ್ಟರು, ಆಮೇಲೆ ನನಗೆ, "ನಾಳೆಯಿಂದ ಕಾರು ಬೇಡವೆಂದು ಮಗಳಿಗೆ ಹೇಳಬೇಕು," ಎಂದರು.

ಅಷ್ಟರಲ್ಲಿ ಬಾಗಿಲು ಸದ್ದಿಲ್ಲದೆ ತೆರೆಯಿತು. ಭಾವ, ಕಿವಿಯಲ್ಲಿ ಹೆಡ್‌ಫೋನು, ಅಂಗೈಯಲ್ಲಿ ತೆರೆದ ಲ್ಯಾಪ್‌ಟಾಪು. ಒಳಗೆ ಅಕ್ಕ ಮಿಕ್ಸಿ ಹಾಕಿದ್ದರಿಂದ ಮೀಟಿಂಗನ್ನು ಹೊರಗೆ ತಂದಿದ್ದರು. ಎರಡು ಕುರ್ಚಿ ನೋಡಿದರು, ಎರಡೂ ಭರ್ತಿ. ಗೋಡೆಗೆ ಒರಗಿ ನಿಂತರು.

ಲೋಲೋ ಅವರನ್ನು ಒಂದು ನಿಮಿಷ ಗಮನಿಸಿದರು. ನಲವತ್ತೈದು ವರ್ಷದ ಗಂಡಸು, ಸ್ವಂತ ಮನೆ, ಸ್ವಂತ ಜಗುಲಿ. ಲೋಲೋ ಮುಖದಲ್ಲಿ ಹತ್ತು ದಿನದಿಂದ ಕಾಣದಿದ್ದ ಬೆಳಕು ಬಂತು.

"ಇಲ್ಲಿ ಎರಡೇ ಕುರ್ಚಿ ಯಾಕೆ?"

"ಸಂಘದ ನಿಯಮ," ಎಂದೆ. "ಮನೆಗೆ ಎರಡು."

"ಹಾಗಾದರೆ ಕಾಗದ ತೆಗೆದುಕೋ. ಮೂರನೆಯ ಕುರ್ಚಿಗೆ ವಿನಾಯಿತಿ ಕೋರಿ ಅರ್ಜಿ. ಈ ಮನೆಯ ನಂಬರು ಎಷ್ಟು?"

ಭಾವ ಹೆಡ್‌ಫೋನು ಕಿತ್ತರು. ಮೀಟಿಂಗಿನಲ್ಲಿ ಮ್ಯೂಟ್ ಆಗಿದ್ದರೋ ಇಲ್ಲವೋ ಎಂದೂ ನೋಡಲಿಲ್ಲ.

"ಬೇಡ ಸರ್, ದಮ್ಮಯ್ಯ, ಬರೀಬೇಡಿ. ನಾನು ನಿಂತೇ ಇರ್ತೀನಿ!"